ಡಯಾಲಿಸಿಸ್ ರಿಪೋರ್ಟಿನಲ್ಲಿ ಕೆಟಿ/ವಿ ಚೆನ್ನಾಗಿ ಬಂದರೆ ಸಾಕೇ? ದೇಹದ ಗಾತ್ರ ಮಾಡುವ ಗೊಂದಲ ಇಲ್ಲಿದೆ

“ನಮ್ಮ ಅಮ್ಮನಿಗೆ ಕೆಟಿ/ವಿ 1.8 ಬಂದಿದೆ, ಇನ್ನು ಮೂರು ಗಂಟೆಗೇ ಮೆಷಿನ್ ತೆಗೆಸಬಹುದಂತೆ.”

“ಪಕ್ಕದ ಬೆಡ್‌ನವರಿಗೆ ಬರೀ 1.2. ಪಾಪ, ಅವರಿಗೆ ಡಯಾಲಿಸಿಸ್ ಸರಿಯಾಗಿ ಆಗ್ತಾ ಇಲ್ಲ.”

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರು ಸೇರಿದ ಕಡೆ ಇಂಥ ಮಾತು ಸಾಮಾನ್ಯ. ಶಾಲೆಯ ಮಾರ್ಕ್ಸ್ ಕಾರ್ಡ್‌ನಂತೆ ಒಬ್ಬರ ಸಂಖ್ಯೆಯನ್ನು ಇನ್ನೊಬ್ಬರದರ ಜೊತೆ ಹೋಲಿಸುತ್ತೇವೆ. ಹೆಚ್ಚು ಬಂದವರು ಪಾಸು, ಕಡಿಮೆ ಬಂದವರು ಫೇಲು. ಆ ಲೆಕ್ಕದ ಮೇಲೆ ಸಲಹೆಯನ್ನೂ ಕೊಟ್ಟುಬಿಡುತ್ತೇವೆ.

ಈ ಹೋಲಿಕೆ ಸರಿಯೇ? ಚುಟುಕಾಗಿ ಹೇಳುವುದಾದರೆ, ಅಲ್ಲ. ಕೆಟಿ/ವಿ ಉಪಯುಕ್ತ ಅಳತೆ, ಅದನ್ನು ತಿಂಗಳು ತಿಂಗಳು ನೋಡಲೇಬೇಕು. ಆದರೆ ಅದರಲ್ಲಿ ದೇಹದ ಗಾತ್ರದಿಂದ ಭಾಗಿಸುವ ಒಂದು ಲೆಕ್ಕ ಅಡಗಿದೆ. ಅದರಿಂದಾಗಿ ಸಣ್ಣ ಮೈಕಟ್ಟಿನವರಿಗೆ, ಹೆಂಗಸರಿಗೆ, ಮಕ್ಕಳಿಗೆ ಮತ್ತು ಕಾಯಿಲೆಯಿಂದ ಸೊರಗಿದವರಿಗೆ ಸಂಖ್ಯೆ ಸುಲಭವಾಗಿ ಮೇಲೇರುತ್ತದೆ. ಸಂಖ್ಯೆ ದೊಡ್ಡದಾಗಿದೆ ಎಂದ ಮಾತ್ರಕ್ಕೆ ಡಯಾಲಿಸಿಸ್ ಹೆಚ್ಚು ಸಿಕ್ಕಿದೆ ಎಂದಲ್ಲ. ಅದು ಹೇಗೆ ಎಂದು ನೋಡೋಣ.

ಕೆಟಿ/ವಿ ಅಂದರೆ ಏನು?

ಇದು ಮೂರು ಅಕ್ಷರಗಳ ಲೆಕ್ಕ. ‘ಕೆ’ ಅಂದರೆ ಕ್ಲಿಯರೆನ್ಸ್: ಡಯಾಲೈಸರ್ ಒಂದು ನಿಮಿಷದಲ್ಲಿ ಎಷ್ಟು ರಕ್ತವನ್ನು ಯೂರಿಯಾದಿಂದ ಪೂರ್ತಿ ಮುಕ್ತಗೊಳಿಸುತ್ತದೆ ಎಂಬ ಅಳತೆ. ‘ಟಿ’ ಅಂದರೆ ಡಯಾಲಿಸಿಸ್ ನಡೆದ ಸಮಯ. ‘ವಿ’ ಅಂದರೆ ಯೂರಿಯಾ ಹರಡಿಕೊಂಡಿರುವ ಜಾಗ, ಅಂದರೆ ಹೆಚ್ಚು ಕಡಿಮೆ ನಮ್ಮ ದೇಹದಲ್ಲಿರುವ ಒಟ್ಟು ನೀರು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕ್ಲಿಯರೆನ್ಸ್ ನಿಮಿಷಕ್ಕೆ 200 ಮಿ.ಲೀ. ಎಂದಿಟ್ಟುಕೊಳ್ಳಿ. ನಾಲ್ಕು ಗಂಟೆ, ಅಂದರೆ 240 ನಿಮಿಷ ಮೆಷಿನ್ ಓಡಿದರೆ ‘ಕೆಟಿ’ 48 ಲೀಟರ್ ಆಗುತ್ತದೆ. ಮೈಯಲ್ಲಿ ಇರುವುದೇ ಸುಮಾರು ಐದು ಲೀಟರ್ ರಕ್ತ, 48 ಲೀಟರ್ ಎಲ್ಲಿಂದ ಬಂತು ಎಂದು ಕೇಳಬಹುದು. ಅದೇ ರಕ್ತ ಮತ್ತೆ ಮತ್ತೆ ಮೆಷಿನ್‌ಗೆ ಹೋಗಿ ಬರುತ್ತದೆ, ಅದಕ್ಕೆ.

ಇನ್ನು ‘ವಿ’ ಯಾಕೆ ಬೇಕು? ಬಚ್ಚಲುಮನೆಯ ಹಂಡೆಯನ್ನು ನೆನಪಿಸಿಕೊಳ್ಳಿ. ಒಂದು ಹಂಡೆಯಲ್ಲಿ 25 ಲೀಟರ್, ಇನ್ನೊಂದರಲ್ಲಿ 43 ಲೀಟರ್ ನೀರಿದೆ. ಎರಡಕ್ಕೂ ಬಟ್ಟೆಗೆ ಹಾಕುವ ನೀಲಿ ಬೆರೆಸಿ ಒಂದೇ ಬಣ್ಣ ಬರುವಂತೆ ಮಾಡಿದ್ದೇವೆ. ಚೊಂಬಿನಿಂದ ಸ್ವಲ್ಪ ಸ್ವಲ್ಪ ನೀರು ತೆಗೆದು, ಬಣ್ಣ ಸೋಸಿ, ತಿಳಿನೀರನ್ನು ಅದೇ ಹಂಡೆಗೆ ಸುರಿಯುತ್ತಾ ಹೋಗುತ್ತೇವೆ. ಎರಡೂ ಹಂಡೆ ಒಂದೇ ಮಟ್ಟಕ್ಕೆ ತಿಳಿಯಾಗಬೇಕಾದರೆ ದೊಡ್ಡ ಹಂಡೆಗೆ ಹೆಚ್ಚು ಚೊಂಬು ಸೋಸಬೇಕು. ಅದಕ್ಕೇ ಸೋಸಿದ ನೀರನ್ನು ಹಂಡೆಯ ಗಾತ್ರದಿಂದ ಭಾಗಿಸುವುದು. ಕೆಟಿ/ವಿ ಎಂದರೆ ಇಷ್ಟೇ: ‘ಒಂದು ಹಂಡೆಯಷ್ಟು ನೀರನ್ನು ಎಷ್ಟು ಸಲ ಸೋಸಿದ ಹಾಗಾಯಿತು?’

ಒಂದು ಹಂಡೆಯಷ್ಟು ಸೋಸಿದರೂ ಬಣ್ಣ ಪೂರ್ತಿ ಹೋಗುವುದಿಲ್ಲ. ತಿಳಿನೀರು ಬಣ್ಣದ ನೀರಿಗೇ ಸೇರುವುದರಿಂದ ಸುಮಾರು ಶೇ. 37ರಷ್ಟು ಬಣ್ಣ ಉಳಿದಿರುತ್ತದೆ. ಹಾಗಾಗಿ ಕೆಟಿ/ವಿ 1 ಎಂದರೆ ‘ನೂರಕ್ಕೆ ನೂರು ಶುದ್ಧ’ ಎಂದು ಅರ್ಥವಲ್ಲ.

ಒಂದೇ ಮೆಷಿನ್, ಒಂದೇ ಸಮಯ, ಎರಡು ಸಂಖ್ಯೆ

ಈಗ ಇಬ್ಬರು ಕಾಲ್ಪನಿಕ ರೋಗಿಗಳನ್ನು ಅಕ್ಕಪಕ್ಕದ ಬೆಡ್‌ನಲ್ಲಿ ಮಲಗಿಸೋಣ. ಒಬ್ಬರು 45 ಕೆಜಿ ತೂಕ, 150 ಸೆಂ.ಮೀ. ಎತ್ತರದ ಮಹಿಳೆ. ಇನ್ನೊಬ್ಬರು 80 ಕೆಜಿ ತೂಕ, 175 ಸೆಂ.ಮೀ. ಎತ್ತರದ, 50 ವರ್ಷದ ಪುರುಷ. ದೇಹದ ನೀರನ್ನು ಅಂದಾಜು ಮಾಡಲು ವಾಟ್ಸನ್ ಮತ್ತು ಸಂಗಡಿಗರು 1980ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಮಹಿಳೆಯ ದೇಹದಲ್ಲಿ ಸುಮಾರು 25 ಲೀಟರ್, ಪುರುಷನ ದೇಹದಲ್ಲಿ ಸುಮಾರು 43.4 ಲೀಟರ್ ನೀರಿದೆ.

ಇಬ್ಬರಿಗೂ ಅದೇ 48 ಲೀಟರ್ ಕ್ಲಿಯರೆನ್ಸ್ ಸಿಕ್ಕಿತು ಎಂದುಕೊಳ್ಳಿ. ಮಹಿಳೆಯ ಕೆಟಿ/ವಿ 1.9. ಪುರುಷನದು 1.1. ಮೆಷಿನ್, ಡಯಾಲೈಸರ್, ಸಮಯ ಯಾವುದೂ ಬದಲಾಗಿಲ್ಲ. ಬದಲಾಗಿದ್ದು ಭಾಗಿಸಿದ ಸಂಖ್ಯೆ ಮಾತ್ರ.

ಪುರುಷನ ವಿಷಯದಲ್ಲಿ ಈ ಸಂಖ್ಯೆ ಒಳ್ಳೆಯ ಕೆಲಸವನ್ನೇ ಮಾಡಿತು. ‘ಇವರಿಗೆ ಇಷ್ಟು ಸಾಲದು, ಸಮಯ ಹೆಚ್ಚಿಸಿ ಅಥವಾ ದೊಡ್ಡ ಡಯಾಲೈಸರ್ ಹಾಕಿ’ ಎಂದು ಎಚ್ಚರಿಸಿತು. ಆದರೆ ಮಹಿಳೆಯ ವಿಷಯದಲ್ಲಿ? 1.4 ಸಾಕು ಎಂದಾದರೆ ಅವರಿಗೆ 35 ಲೀಟರ್ ಸಾಕು. ಮೂರು ಗಂಟೆಗೂ ಮೊದಲೇ, 175 ನಿಮಿಷಕ್ಕೆ ಮೆಷಿನ್ ತೆಗೆಯಬಹುದು ಎಂದು ಅದೇ ಲೆಕ್ಕ ಹೇಳುತ್ತದೆ. ತೊಡಕು ಇರುವುದು ಇಲ್ಲಿ.

ಈ ಸಂಖ್ಯೆ ಎಲ್ಲಿಂದ ಬಂತು?

ಹಿಮೋಡಯಾಲಿಸಿಸ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಯಾರೂ ಹಂಡೆಯನ್ನು, ಅಂದರೆ ದೇಹದ ನೀರನ್ನು, ನೇರವಾಗಿ ಅಳೆಯುವುದಿಲ್ಲ. ಡಯಾಲಿಸಿಸ್‌ಗೆ ಮೊದಲು ಮತ್ತು ಮುಗಿದ ಮೇಲೆ ರಕ್ತ ತೆಗೆದು ಯೂರಿಯಾ ನೋಡುತ್ತಾರೆ. ಮೊದಲು 120 ಇದ್ದದ್ದು 36ಕ್ಕೆ ಇಳಿದರೆ ಶೇ. 70ರಷ್ಟು ಇಳಿಕೆ. ಇದನ್ನೇ ರಿಪೋರ್ಟಿನಲ್ಲಿ ‘ಯುಆರ್‌ಆರ್’ ಎಂದು ಬರೆಯುವುದು. ಇದರ ಜೊತೆಗೆ ಡಯಾಲಿಸಿಸ್ ನಡೆದ ಸಮಯ, ತೆಗೆದ ನೀರು ಮತ್ತು ತೂಕವನ್ನು ಸೇರಿಸಿ ಡಾಗಿರ್ಡಸ್ ಎಂಬ ವೈದ್ಯರು 1993ರಲ್ಲಿ ಪ್ರಕಟಿಸಿದ ಸೂತ್ರಕ್ಕೆ ಹಾಕಿದರೆ ಕೆಟಿ/ವಿ ಸಿಗುತ್ತದೆ. ಮೇಲಿನ ಉದಾಹರಣೆಯ ರೋಗಿ 50 ಕೆಜಿ ಇದ್ದು, ನಾಲ್ಕು ಗಂಟೆಯಲ್ಲಿ 2 ಲೀಟರ್ ನೀರು ತೆಗೆದಿದ್ದರೆ ಅದು ಸುಮಾರು 1.4 ಆಗುತ್ತದೆ.

ಅಂದರೆ ಬಣ್ಣ ಎಷ್ಟು ತಿಳಿಯಾಯಿತು ಎಂದು ನೋಡಿ ಲೆಕ್ಕ ಹಾಕುತ್ತೇವೆ. ಹಂಡೆಯ ಗಾತ್ರ ಅದರೊಳಗೇ ಅಡಗಿ ಕೂತಿರುತ್ತದೆ. ಹಾಗಾಗಿಯೇ ನಮ್ಮ ಗಮನಕ್ಕೆ ಬರುವುದಿಲ್ಲ.

1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ನ್ಯಾಷನಲ್ ಕೋಆಪರೇಟಿವ್ ಡಯಾಲಿಸಿಸ್ ಸ್ಟಡಿ’ಯಲ್ಲಿ, ರಕ್ತದಲ್ಲಿ ಯೂರಿಯಾ ಹೆಚ್ಚಾಗಿ ಉಳಿದವರು ಹೆಚ್ಚು ಆಸ್ಪತ್ರೆ ಸೇರುತ್ತಾರೆ ಎಂಬುದು ಕಂಡುಬಂತು. ಅದರ ಅಂಕಿಅಂಶಗಳನ್ನು ಇಟ್ಟುಕೊಂಡು ಫ್ರಾಂಕ್ ಗಾಚ್ ಮತ್ತು ಜಾನ್ ಸಾರ್ಜೆಂಟ್ 1985ರಲ್ಲಿ ಕೆಟಿ/ವಿ ಲೆಕ್ಕವನ್ನು ಮುಂದಿಟ್ಟರು. ಅದಕ್ಕೂ ಮೊದಲು ‘ಸಾಕಷ್ಟು ಡಯಾಲಿಸಿಸ್’ ಎಂದರೆ ಎಷ್ಟು ಎಂದು ಹೇಳುವ ಒಪ್ಪಿತ ಅಳತೆಗೋಲೇ ಇರಲಿಲ್ಲ. ಇವತ್ತು ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್‌ನ 2015ರ ಮಾರ್ಗಸೂಚಿಯಲ್ಲಿ, ವಾರಕ್ಕೆ ಮೂರು ಬಾರಿ ಮಾಡಿಸುವವರಿಗೆ ಪ್ರತಿ ಸಲದ ಗುರಿ 1.4, ಕನಿಷ್ಠ ಮಿತಿ 1.2.

ಕಿಡ್ನಿಗೆ ಒಂದು ಅಳತೆಗೋಲು, ಡಯಾಲಿಸಿಸ್‌ಗೆ ಇನ್ನೊಂದು

ನಿಮ್ಮ ಮನೆಯಲ್ಲಿ ಯಾರದಾದರೂ ಕ್ರಿಯಾಟಿನಿನ್ ರಿಪೋರ್ಟ್ ಇದ್ದರೆ ತೆಗೆದು ನೋಡಿ. ‘ಇಜಿಎಫ್‌ಆರ್’ ಎಂಬ ಸಾಲಿನ ಮುಂದೆ ‘1.73 ಚದರ ಮೀಟರ್‌ಗೆ’ ಎಂದು ಬರೆದಿರುತ್ತದೆ. ಏನಿದು?

ಇದು ದೇಹದ ಮೇಲ್ಮೈ ವಿಸ್ತೀರ್ಣ, ಅಂದರೆ ಚರ್ಮದ ಒಟ್ಟು ಅಳತೆ. 1928ರಲ್ಲಿ ಮ್ಯಾಕಿಂಟಾಷ್, ಮೊಲ್ಲರ್ ಮತ್ತು ವಾನ್ ಸ್ಲೈಕ್ ಎಂಬ ಸಂಶೋಧಕರು ಅಂದಿನ 25 ವರ್ಷದ ಅಮೆರಿಕನ್ನರ ಸರಾಸರಿಯಾಗಿ 1.73 ಚದರ ಮೀಟರನ್ನು ಆರಿಸಿಕೊಂಡರು. ಆ ಸಂಖ್ಯೆ ಇಂದಿಗೂ ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಉಳಿದಿದೆ. ಕಿಡ್ನಿ ಸೋಸುವ ಪ್ರಮಾಣ ದೇಹದ ನೀರಿಗಿಂತ ಮೇಲ್ಮೈ ವಿಸ್ತೀರ್ಣದ ಜೊತೆ ಹೆಚ್ಚು ಹೊಂದುತ್ತದೆ ಎಂಬುದು ಇದರ ಹಿಂದಿನ ತರ್ಕ.

ಅಂದರೆ ಕಿಡ್ನಿ ಕೆಲಸ ಮಾಡುತ್ತಿರುವವರೆಗೆ ಅದನ್ನು ಮೇಲ್ಮೈಯಿಂದ ಅಳೆಯುತ್ತೇವೆ. ಕಿಡ್ನಿ ನಿಂತು ಮೆಷಿನ್ ಬಂದ ಮೇಲೆ ನೀರಿನಿಂದ ಅಳೆಯುತ್ತೇವೆ. ಅಳತೆಗೋಲು ಬದಲಾದರೆ ಯಾರಿಗೆ ನಷ್ಟ?

ನಮ್ಮ ಇಬ್ಬರು ರೋಗಿಗಳಿಗೇ ಮರಳೋಣ. 1916ರ ಡುಬಾಯ್ ಸೂತ್ರದಂತೆ ಮಹಿಳೆಯ ಮೇಲ್ಮೈ ಸುಮಾರು 1.37 ಚದರ ಮೀಟರ್, ಪುರುಷನದು 1.96. ಇಬ್ಬರಿಗೂ ಸರಿಯಾಗಿ 1.4 ಕೆಟಿ/ವಿ ಕೊಟ್ಟೆವು ಎಂದುಕೊಳ್ಳಿ. ಪುರುಷನಿಗೆ ಒಂದು ಚದರ ಮೀಟರ್‌ಗೆ 31 ಲೀಟರ್ ಕ್ಲಿಯರೆನ್ಸ್ ಸಿಗುತ್ತದೆ. ಮಹಿಳೆಗೆ ಸಿಗುವುದು 25.6 ಲೀಟರ್, ಶೇ. 17ರಷ್ಟು ಕಡಿಮೆ. ಪುರುಷನಷ್ಟೇ ಸಿಗಬೇಕೆಂದರೆ ಆಕೆಯ ಕೆಟಿ/ವಿ 1.7ರ ಹತ್ತಿರ ಇರಬೇಕು. ಅದಕ್ಕೆ 175 ನಿಮಿಷ ಸಾಲದು, ಮೂರೂವರೆ ಗಂಟೆ ಬೇಕು.

ಮಕ್ಕಳಲ್ಲಿ ಅಂತರ ಇನ್ನೂ ದೊಡ್ಡದು. 20 ಕೆಜಿ ತೂಕ, 115 ಸೆಂ.ಮೀ. ಎತ್ತರದ ಮಗುವಿನ ದೇಹದಲ್ಲಿ ಸುಮಾರು 12 ಲೀಟರ್ ನೀರು, ಸುಮಾರು 0.8 ಚದರ ಮೀಟರ್ ಮೇಲ್ಮೈ. ಅದೇ 1.4 ಎಂದರೆ ಆ ಮಗುವಿಗೆ ಚದರ ಮೀಟರ್‌ಗೆ ಸಿಗುವುದು 21 ಲೀಟರ್ ಮಾತ್ರ. ರಿಪೋರ್ಟಿನಲ್ಲಿ ಮೂವರೂ ‘1.4, ಪಾಸ್’. ಆದರೆ ಮೂವರಿಗೆ ಸಿಕ್ಕ ಪಾಲು ಬೇರೆ ಬೇರೆ.

ಹಾಗಾದರೆ ಮೇಲ್ಮೈ ಲೆಕ್ಕವೇ ಸರಿ, ನೀರಿನ ಲೆಕ್ಕ ತಪ್ಪು ಎನ್ನಬಹುದೇ? ಅಷ್ಟು ಸುಲಭವಲ್ಲ. ಯೂರಿಯಾ ನಿಜವಾಗಿಯೂ ದೇಹದ ನೀರಿನಲ್ಲೇ ಹರಡಿರುತ್ತದೆ, ಹಾಗಾಗಿ ಅದು ಎಷ್ಟು ಇಳಿಯಿತು ಎಂದು ತಿಳಿಯಲು ‘ವಿ’ ಬೇಕೇ ಬೇಕು. ಆದರೆ ‘ಈ ದೇಹಕ್ಕೆ ಎಷ್ಟು ಶುದ್ಧೀಕರಣ ಬೇಕು’ ಎಂಬುದು ಬೇರೆ ಪ್ರಶ್ನೆ. ಮೊದಲ ಪ್ರಶ್ನೆಯ ಉತ್ತರವನ್ನೇ ಎರಡನೆಯದಕ್ಕೂ ಒಪ್ಪಿಕೊಂಡದ್ದರಿಂದ ಗೊಂದಲ ಹುಟ್ಟಿತು.

ಅಧ್ಯಯನಗಳು ಏನು ಹೇಳುತ್ತವೆ?

ಡಯಾಲಿಸಿಸ್ ಪ್ರಮಾಣದ ಬಗ್ಗೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಅಮೆರಿಕದ ‘ಹೀಮೋ’ ಅಧ್ಯಯನ ಮುಖ್ಯವಾದದ್ದು. 1,846 ರೋಗಿಗಳಿದ್ದ ಇದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸುಮಾರು 1.3 ಕೆಟಿ/ವಿ, ಇನ್ನೊಂದಕ್ಕೆ ಸುಮಾರು 1.7. ಒಟ್ಟಾರೆ ನೋಡಿದರೆ ಹೆಚ್ಚು ಡಯಾಲಿಸಿಸ್ ಪಡೆದವರ ಸಾವಿನ ಪ್ರಮಾಣ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ.

ಆದರೆ ಹೆಂಗಸರನ್ನು ಮಾತ್ರ ಬೇರೆಯಾಗಿ ನೋಡಿದಾಗ, ಹೆಚ್ಚು ಪ್ರಮಾಣ ಪಡೆದವರಲ್ಲಿ ಸಾವಿನ ಅಪಾಯ ಶೇ. 19ರಷ್ಟು ಕಡಿಮೆ ಇತ್ತು. ಗಂಡಸರಲ್ಲಿ ಇಂಥ ಲಾಭ ಕಾಣಲಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ದೊಡ್ಡ ಅಧ್ಯಯನವನ್ನು ಸಣ್ಣ ಗುಂಪುಗಳಾಗಿ ಒಡೆದು ನೋಡಿದಾಗ ಆಕಸ್ಮಿಕವಾಗಿಯೂ ಇಂಥ ವ್ಯತ್ಯಾಸ ಕಾಣಬಹುದು. ದೇಹದ ಗಾತ್ರವೊಂದೇ ಇದಕ್ಕೆ ಕಾರಣ ಎಂದೂ ಹೇಳಲಾಗದು. ಹಾಗಾಗಿ ಇದು ಸುಳಿವು, ತೀರ್ಪಲ್ಲ. ಆದರೂ 2006ರ ಮಾರ್ಗಸೂಚಿಯಲ್ಲಿ ಹೆಂಗಸರಿಗೆ ಮತ್ತು ಸಣ್ಣ ಗಾತ್ರದವರಿಗೆ ಕನಿಷ್ಠಕ್ಕಿಂತ ಹೆಚ್ಚು ಪ್ರಮಾಣ ಕೊಡುವುದನ್ನು ಪರಿಗಣಿಸಬೇಕು ಎಂಬ ಮಾತು ಸೇರಿತು. 2015ರ ಮಾರ್ಗಸೂಚಿಯೋ, ಸ್ವಂತ ಕಿಡ್ನಿ ಬಹುತೇಕ ನಿಂತವರಿಗೆ ಪ್ರತಿ ಸಲ ಕನಿಷ್ಠ ಮೂರು ಗಂಟೆಯಾದರೂ ಡಯಾಲಿಸಿಸ್ ಆಗಬೇಕು ಎನ್ನುತ್ತದೆ. ಅಂದರೆ ಸಂಖ್ಯೆ ಬೇಗ ಮುಟ್ಟಿತೆಂದು ಸಮಯ ಇಳಿಸಬಾರದು.

ರೋಗಿ ಸೊರಗಿದರೂ ಸಂಖ್ಯೆ ಏರುತ್ತದೆ!

ಇದು ಎಲ್ಲರೂ ತಿಳಿದಿರಬೇಕಾದ ವಿಷಯ. ನಮ್ಮ 80 ಕೆಜಿ ಪುರುಷನಿಗೆ ಊಟ ಸೇರುತ್ತಿಲ್ಲ, ಸ್ನಾಯು ಕರಗಿ 65 ಕೆಜಿಗೆ ಇಳಿದಿದ್ದಾರೆ ಎಂದುಕೊಳ್ಳಿ. ದೇಹದ ನೀರು 43.4 ಲೀಟರ್‌ನಿಂದ ಸುಮಾರು 38ಕ್ಕೆ ಇಳಿಯಿತು. ಡಯಾಲಿಸಿಸ್ ಅದೇ 48 ಲೀಟರ್. ಕೆಟಿ/ವಿ 1.1 ಇದ್ದದ್ದು 1.25 ಆಯಿತು!

ಹಿಂದಿನ ತಿಂಗಳು ‘ಫೇಲ್’ ಆಗಿದ್ದವರು ಈ ತಿಂಗಳು ‘ಪಾಸ್’. ಮನೆಯವರಿಗೆ ಸಂತೋಷ. ನಿಜದಲ್ಲಿ ಡಯಾಲಿಸಿಸ್ ಒಂದು ಹನಿಯೂ ಸುಧಾರಿಸಿಲ್ಲ, ರೋಗಿ ಬಡವಾಗಿದ್ದಾರೆ ಅಷ್ಟೇ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಪೌಷ್ಟಿಕಾಂಶದ ಕೊರತೆ ದೊಡ್ಡ ಅಪಾಯ. ಆದ್ದರಿಂದ ಕೆಟಿ/ವಿ ಏರಿದಾಗ ಮೊದಲು ಕೇಳಬೇಕಾದ ಪ್ರಶ್ನೆ: ‘ತೂಕ ಎಷ್ಟಿದೆ? ಊಟ ಹೇಗಿದೆ?’

ಈ ಒಂದು ಸಂಖ್ಯೆಗೆ ಕಾಣದ ಮೂರು ವಿಷಯ

ಮೊದಲನೆಯದು ನೀರು. ಡಯಾಲಿಸಿಸ್ ಬರೀ ಯೂರಿಯಾ ತೆಗೆಯುವುದಿಲ್ಲ, ಎರಡು ಡಯಾಲಿಸಿಸ್ ನಡುವೆ ಮೈಯಲ್ಲಿ ಸೇರಿದ ನೀರನ್ನೂ ತೆಗೆಯುತ್ತದೆ. ಗಂಟೆಗೆ, ಪ್ರತಿ ಕೆಜಿ ತೂಕಕ್ಕೆ 13 ಮಿ.ಲೀ.ಗಿಂತ ವೇಗವಾಗಿ ನೀರು ತೆಗೆದವರಲ್ಲಿ ಹೃದಯದ ತೊಂದರೆ ಮತ್ತು ಸಾವಿನ ಅಪಾಯ ಹೆಚ್ಚು ಎಂದು ಅಧ್ಯಯನಗಳಲ್ಲಿ ಕಂಡಿದೆ. 45 ಕೆಜಿ ಮಹಿಳೆಗೆ 2 ಲೀಟರ್ ನೀರು ತೆಗೆಯಬೇಕು ಎಂದುಕೊಳ್ಳಿ. ಮೂರು ಗಂಟೆಯಲ್ಲಿ ತೆಗೆದರೆ ವೇಗ ಸುಮಾರು 15, ನಾಲ್ಕು ಗಂಟೆಯಲ್ಲಿ ತೆಗೆದರೆ 11. ‘ಕೆಟಿ/ವಿ ಬಂದಾಯ್ತಲ್ಲ’ ಎಂದು ಒಂದು ಗಂಟೆ ಇಳಿಸಿದರೆ ಬಿಪಿ ಕುಸಿಯುವುದು, ಕಾಲು ಸೆಳೆತ, ಮನೆಗೆ ಬಂದ ಮೇಲೂ ಏಳಲಾಗದ ಸುಸ್ತು ಹೆಚ್ಚಬಹುದು. ಗಾತ್ರ ಸಣ್ಣದಾದಷ್ಟೂ ಈ ತೊಂದರೆ ಹೆಚ್ಚು.

ಎರಡನೆಯದು ಬೇರೆ ಕಲ್ಮಶಗಳು. ಯೂರಿಯಾ ಪುಟ್ಟ ಕಣ, ಬೇಗ ಹೊರಹೋಗುತ್ತದೆ. ರಂಜಕ (ಫಾಸ್ಫರಸ್), ಹಾಗೆಯೇ ಬೀಟಾ-2 ಮೈಕ್ರೋಗ್ಲಾಬ್ಯುಲಿನ್‌ನಂಥ ದೊಡ್ಡ ಕಣಗಳು ನಿಧಾನವಾಗಿ ರಕ್ತಕ್ಕೆ ಬರುತ್ತವೆ. ಅವುಗಳಿಗೆ ಸಮಯವೇ ಬೇಕು. ಯೂರಿಯಾ ಇಳಿಯಿತೆಂದು ಇವೂ ಇಳಿದಿವೆ ಎನ್ನಲಾಗದು.

ಮೂರನೆಯದು ವಾರದ ಲೆಕ್ಕ. 1.4 ಎಂಬ ಗುರಿ ವಾರಕ್ಕೆ ಮೂರು ಬಾರಿ ಮಾಡಿಸುವವರಿಗೆ ಇಟ್ಟದ್ದು. ನಮ್ಮಲ್ಲಿ ಖರ್ಚು, ದೂರ, ಬೆಡ್ ಸಿಗದಿರುವುದು ಹೀಗೆ ನಾನಾ ಕಾರಣಕ್ಕೆ ವಾರಕ್ಕೆ ಎರಡೇ ಬಾರಿ ಮಾಡಿಸುವವರು ಬಹಳ. ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಕೇಂದ್ರದ ಕಾರ್ಯಕ್ರಮ 2016ರಲ್ಲಿ ಶುರುವಾದ ಮೇಲೂ ಬಸ್ಸು, ಕೂಲಿ, ಜೊತೆಗೆ ಬರುವವರ ತಾಪತ್ರಯ ತಪ್ಪಿಲ್ಲ. ಎರಡು ಬಾರಿ ಮಾಡಿಸಿ ಪ್ರತಿ ಸಲ 1.4 ಬಂದರೆ ಅದು ಮೂರು ಬಾರಿಯ 1.4ಕ್ಕೆ ಸಮವಲ್ಲ. ಸ್ವಂತ ಕಿಡ್ನಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿದ್ದು, ಮೂತ್ರ ಚೆನ್ನಾಗಿ ಬರುತ್ತಿರುವ ಕೆಲವರಿಗೆ ಎರಡು ಬಾರಿ ಸಾಕಾಗಬಹುದು. ಅದನ್ನು ವೈದ್ಯರು ಅಳೆದು ನಿರ್ಧರಿಸಬೇಕೇ ಹೊರತು ಫಾರ್ವರ್ಡ್ ನೋಡಿ ಅಲ್ಲ.

ಹೊಟ್ಟೆಯ ಡಯಾಲಿಸಿಸ್‌ನಲ್ಲಿ ಹೇಗೆ?

ಮನೆಯಲ್ಲೇ ಹೊಟ್ಟೆಗೆ ದ್ರವ ಹಾಕಿ ತೆಗೆಯುವ ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ‘ವಿ’ ಇನ್ನೂ ಬಹಿರಂಗವಾಗಿ ಕಾಣುತ್ತದೆ. ಇಲ್ಲಿ ಹೊರಬಂದ ದ್ರವ ಮತ್ತು ಮೂತ್ರದಲ್ಲಿರುವ ಯೂರಿಯಾ ಅಳೆದು, ಅದನ್ನು ಸೂತ್ರದಿಂದ ತೆಗೆದ ದೇಹದ ನೀರಿನಿಂದ ಭಾಗಿಸುತ್ತಾರೆ. ವಾರಕ್ಕೆ 1.7 ಎಂಬ ಮಿತಿ ಬಹುಕಾಲ ಬಳಕೆಯಲ್ಲಿತ್ತು. ಸೂತ್ರಕ್ಕೆ ಯಾವ ತೂಕ ಹಾಕಬೇಕು? ಇವತ್ತಿನ ತೂಕವೋ, ಮೈಯಲ್ಲಿ ನೀರು ತುಂಬುವ ಮುಂಚಿನದೋ, ಆ ಎತ್ತರಕ್ಕೆ ಇರಬೇಕಾದದ್ದೋ? ತೂಕ ಬದಲಾದರೆ ಉತ್ತರವೂ ಬದಲಾಗುತ್ತದೆ. ಕಾಲು ಕತ್ತರಿಸಿದವರಿಗೆ, ತೀರಾ ದಪ್ಪಗಿರುವವರಿಗೆ ಸೂತ್ರವೇ ಎಡವುತ್ತದೆ.

ಮೆಕ್ಸಿಕೊದಲ್ಲಿ ನಡೆದು 2002ರಲ್ಲಿ ಪ್ರಕಟವಾದ ‘ಅಡೆಮೆಕ್ಸ್’ ಅಧ್ಯಯನದಲ್ಲಿ ದ್ರವದ ಪ್ರಮಾಣ ಹೆಚ್ಚಿಸಿ ಈ ಸಂಖ್ಯೆಯನ್ನು ಏರಿಸಿದರೂ ಬದುಕುಳಿಯುವವರ ಪ್ರಮಾಣ ಹೆಚ್ಚಲಿಲ್ಲ. 2020ರ ಅಂತರರಾಷ್ಟ್ರೀಯ ಶಿಫಾರಸುಗಳು ಒಂದೇ ಸಂಖ್ಯೆಯ ಬೆನ್ನು ಹತ್ತುವುದನ್ನು ಬಿಟ್ಟು, ರೋಗಿ ಹೇಗಿದ್ದಾರೆ, ನೀರು ಸಮತೋಲನದಲ್ಲಿದೆಯೇ, ಊಟ ಸೇರುತ್ತಿದೆಯೇ ಎಂಬುದನ್ನೆಲ್ಲ ಒಟ್ಟಿಗೆ ನೋಡಿ ಎನ್ನುತ್ತವೆ.

ಹಾಗಾದರೆ ನಾವೇನು ಮಾಡಬೇಕು?

ಕೆಟಿ/ವಿ 1.2ಕ್ಕಿಂತ ಕಡಿಮೆ ಬಂದರೆ ನಿರ್ಲಕ್ಷಿಸಬೇಡಿ. ಫಿಸ್ಟುಲಾದಲ್ಲಿ ರಕ್ತದ ಹರಿವು ಕಡಿಮೆಯಾಗಿರಬಹುದು, ಸಮಯ ಮೊಟಕಾಗಿರಬಹುದು, ರಕ್ತ ತೆಗೆದ ಕ್ರಮದಲ್ಲೇ ತಪ್ಪಾಗಿರಬಹುದು. ಕಾರಣ ಕೇಳಿ. ಹೆಚ್ಚು ಬಂದರೆ, ‘ಸಮಯ ಇಳಿಸಿ’ ಎಂದು ನೀವಾಗಿಯೇ ಕೇಳಬೇಡಿ.

ಮುಂದಿನ ಬಾರಿ ವೈದ್ಯರನ್ನು ಅಥವಾ ಟೆಕ್ನಿಷಿಯನ್‌ರನ್ನು ಕಂಡಾಗ ಈ ಪ್ರಶ್ನೆಗಳನ್ನು ಕೇಳಬಹುದು:

• ಕಳೆದ ಆರು ತಿಂಗಳಲ್ಲಿ ಕೆಟಿ/ವಿ ಜೊತೆಗೆ ಡ್ರೈ ವೇಟ್ ಹೇಗೆ ಬದಲಾಗಿದೆ?
• ಬರೆದುಕೊಟ್ಟ ಸಮಯ ಎಷ್ಟು, ನಿಜವಾಗಿ ಮೆಷಿನ್ ಓಡಿದ ಸಮಯ ಎಷ್ಟು?
• ಗಂಟೆಗೆ ಎಷ್ಟು ನೀರು ತೆಗೆಯುತ್ತಿದ್ದೀರಿ?
• ಫಾಸ್ಫರಸ್, ಪೊಟ್ಯಾಸಿಯಂ, ಆಲ್ಬುಮಿನ್, ಹಿಮೋಗ್ಲೋಬಿನ್ ಎಷ್ಟಿದೆ?
• ರೋಗಿ ಸಣ್ಣ ಗಾತ್ರದವರು. ಕನಿಷ್ಠ ಗುರಿಗಿಂತ ಸ್ವಲ್ಪ ಹೆಚ್ಚು ಕೊಡುವುದು ಇವರಿಗೆ ಒಳ್ಳೆಯದೇ?

ಕೊನೆಯ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ವಯಸ್ಸು, ಹೃದಯದ ಸ್ಥಿತಿ, ಉಳಿದಿರುವ ಮೂತ್ರ ಎಲ್ಲವನ್ನೂ ನೋಡಿ ನೆಫ್ರಾಲಜಿಸ್ಟ್ ಹೇಳಬೇಕು. ಈ ಲೇಖನ ಓದಿ ಡಯಾಲಿಸಿಸ್‌ನ ಸಮಯವನ್ನಾಗಲಿ, ವಾರದ ಲೆಕ್ಕವನ್ನಾಗಲಿ ನೀವಾಗಿಯೇ ಬದಲಿಸಬೇಡಿ.

ಇನ್ನು ‘ನಮಗೆ 1.8, ಅವರಿಗೆ 1.2’ ಎಂಬ ಹೋಲಿಕೆ ಗುಂಪಿನಲ್ಲಿ ಕಂಡರೆ ಒಂದೇ ಮಾತು ಸೇರಿಸಿ: ಅವರ ಹಂಡೆ ಬೇರೆ, ನಮ್ಮ ಹಂಡೆ ಬೇರೆ. ಪಕ್ಕದ ಬೆಡ್‌ನವರ ಸಂಖ್ಯೆ ಬಿಟ್ಟು ನಿಮ್ಮವರ ಹೋದ ತಿಂಗಳ ಸಂಖ್ಯೆಯ ಜೊತೆ ಹೋಲಿಸಿ. ಸಂಖ್ಯೆ ನೋಡಿದ ಮೇಲೆ ಅವರ ಮುಖವನ್ನೂ, ತಟ್ಟೆಯಲ್ಲಿ ಉಳಿದ ಊಟವನ್ನೂ ಒಮ್ಮೆ ನೋಡಿ.